ತೂತಿನ ಬಿಲ್ಲೆ

ಮೊಳಕಾಲ್ಮೂರು ದಾಟಿ, ಬಂಡೆಗುಡ್ಡದ ಬುಡದಲ್ಲಿ
ಹಗ್ಗ ಎಳೆದು ಚೌಕ ಮಾಡಿದ ಗುಂಡಿಗಳು.
ನಾವು ಹನ್ನೊಂದು ಮಂದಿ ಕೂಲಿಗೆ.
ಇಲ್ಲಿ ಅಗೆಯುವುದಲ್ಲ, ಕೆರೆಯುವುದು,
ಗಾಯದ ಹೊಕ್ಕಳೆ ಬಿಡಿಸುವ ಹಾಗೆ.
ಜರಡಿ ಆಡಿಸುವುದು ನನ್ನ ಪಾಲು.

ಮೂರನೇ ವಾರ ಜರಡಿಯಲ್ಲಿ ಉಳಿಯಿತು
ಒಂದು ಸುಟ್ಟ ಮಣ್ಣಿನ ಬಿಲ್ಲೆ,
ಹಳೇ ಎಂಟಾಣೆಗಿಂತ ಒಂಚೂರು ದೊಡ್ಡದು,
ನಡುವೆ ತೂತು.
ಕನ್ನಡಕದ ಹುಡುಗ ತಿರುಗಿಸಿ ನೋಡಿ
'ಆಟದ ಬಂಡಿಯ ಗಾಲಿ' ಎಂದ,
ಚೀಟಿಯಲ್ಲಿ ಬರೆದೂಬಿಟ್ಟ.

ಪಕ್ಕದ ಗುಂಡಿಯಿಂದ ತಿಪ್ಪೀರಕ್ಕ ಎದ್ದು ಬಂದಳು.
ಕಂಬಳಿ ನೇಯುವ ಮನೆಯವಳು,
ಹುಣಸೆಬೀಜದ ಗಂಜಿ ಉಗುರಿನ ಸಂದಿಯಿಂದ ಇನ್ನೂ ಹೋಗಿಲ್ಲ.
'ಗಾಲಿ ಆದ್ರೆ ಇನ್ನೊಂದು ಎಲ್ಲೈತೆ?'
ಅಂಗೈಯಲ್ಲಿ ಇಟ್ಟು ತೂಗಿದಳು,
ತಂಗಡಿ ಕಡ್ಡಿ ಮುರಿದು ತೂತಿಗೆ ತುರುಕಿದಳು,
ಹೆಗಲ ಕಂಬಳಿಯ ಅಂಚಿಂದ ಒಂದು ಜುಂಗು ಕಿತ್ತು
ಕಡ್ಡಿಯ ತಲೆಗೆ ಸಿಕ್ಕಿಸಿ
ತೊಡೆಯ ಮೇಲೆ ಹೊಸೆದು ಬಿಟ್ಟಳು.

ತಿರುಗಿತು.
ಯಾರೋ ಕರೆದರೆಂದು ಎದ್ದು ಹೋದವಳು
ಈಗ ಬಂದು ಕೂತು ಮುಂದುವರಿಸಿದ ಹಾಗೆ.
'ಅಯ್ಯೋ ಅಕ್ಕಾ, ಒಡೆಯುತ್ತೆ' ಎಂದು ಓಡಿಬಂದ ಹುಡುಗ
ಅರ್ಧದಲ್ಲೇ ನಿಂತ.
ಒಂದು ಗೇಣು ನೂಲು ಇಳಿದಿತ್ತು ಅಷ್ಟರಲ್ಲಿ.

ರೊಟ್ಟಿ ಬಿಚ್ಚಿದ ಹೊತ್ತಿನಲ್ಲಿ ಅವಳೇ ಕೇಳಿದಳು:
'ಬಟ್ಟೆ ಸಿಕ್ಕಿತಾ ಎಲ್ಲಾದರೂ?'
'ಉಳಿಯಲ್ಲ ಅಕ್ಕಾ. ಬಟ್ಟೆ ಕೊಳೆಯುತ್ತೆ.
ಮಗ್ಗ ಮರದ್ದು, ಗೆದ್ದಲಿಗೆ.
ಕದಿರಿನ ಭಾರ ಒಂದೇ ಉಳಿಯೋದು.'
'ಹಂಗಾದ್ರೆ ಮೊದಲು ಹೊಸೆದೋರು ಯಾರು?'
ಅವನಿಗೆ ಗೊತ್ತಿರಲಿಲ್ಲ. ಚೀಟಿಯ ಮೇಲೆ ಗಾಲಿ ಹೊಡೆದುಹಾಕುತ್ತಿದ್ದ.

'ಕಾರೆ ಮುಳ್ಳಿಗೆ ಸಿಕ್ಕಿದ ತುಪ್ಪಟ ಬಿಡಿಸ್ತಾ ಕೂತವಳು.
ಸುಮ್ಮನಿರದ ಬೆರಳು ಅವಳವು, ನಮ್ಮ ಅತ್ತೆಯ ಹಾಗೆ.
ಮೊದಲು ಹಗ್ಗ, ಮರಿ ಕಟ್ಟಾಕೆ.
ಆಮೇಲೆ ಬಲೆ, ಚಾಪೆ.
ಬಟ್ಟೆ ಎಲ್ಲಕ್ಕಿಂತ ಕಡೆಗೆ ಬಂದಿದ್ದು.
ಮಾನಕ್ಕೆ ಅಂತಾರೆ. ಮಾನಕ್ಕಲ್ಲ ತಮ್ಮಾ, ಚಳಿಗೆ.
ಮಾಗಿಯಲ್ಲಿ ಈ ಬಂಡೆ ಮೇಲೆ ಒಂದು ರಾತ್ರಿ ಮಲಗಿ ನೋಡು.
ಆದರೆ ಒಂದೆಳೆ ಎತ್ತು, ಒಂದೆಳೆ ಬಿಡು,
ವಾಪಸು ಬರುವಾಗ ಬಿಟ್ಟಿದ್ದನ್ನ ಎತ್ತು
ಅಂತ ಹೊಳೀತಲ್ಲ ಒಬ್ಬಳಿಗೆ,
ಅವಳು ಆ ರಾತ್ರಿ ನಿದ್ದೆ ಮಾಡಿರಾಕಿಲ್ಲ.'

ಸಂಜೆ ಟೆಂಪೋ ಊರೊಳಗಿಂದ ಬರುವಾಗ
ಓಣಿ ಓಣಿಯಲ್ಲೂ ರೇಷ್ಮೆ ಮಗ್ಗದ ಟಕಟಕ.
ತಿಪ್ಪೀರಕ್ಕ ಮುಖ ಆ ಕಡೆ ತಿರುಗಿಸಲಿಲ್ಲ.
'ಅದು ಮದುವೆ ಮನೆಗೆ.
ನಮ್ಮದು ಮಳೆಗೆ, ಬಾಣಂತಿಗೆ, ದೇವರ ಗದ್ದುಗೆಗೆ.'
ಆಮೇಲೆ, ಸ್ವಲ್ಪ ದೂರ ಹೋದ ಮೇಲೆ:
'ಎಳೆ ನಯ, ಇಲ್ಲ ಅನ್ನಾಕಾಗಲ್ಲ.'

ಮಾರನೇ ದಿನ ನನಗೆ ಸಿಕ್ಕಿದ್ದು ಮಡಕೆಯ ತಳ,
ಅಂಗೈ ಅಗಲದ ಚೂರು.
ತೊಳೆದರೆ ಅಡ್ಡಡ್ಡ ಉದ್ದುದ್ದ ಗೀರು.
ಹಸಿ ಮಡಕೆಯನ್ನು ಚಾಪೆಯ ಮೇಲೆ ಆರಲು ಇಟ್ಟಿದ್ದಾರೆ,
ಚಾಪೆ ಹೋಗಿದೆ,
ಅದರ ಮೇಲೆ ಕೂತ ಗುರುತು ಮಾತ್ರ ಕೂತೇ ಇದೆ.
ಹುಡುಗ ಎಷ್ಟೋ ಸಾವಿರ ವರ್ಷ ಎಂದ.
ತಿಪ್ಪೀರಕ್ಕ ವರ್ಷ ಕೇಳಿಸಿಕೊಳ್ಳಲಿಲ್ಲ.
ಬಿಸಿಲಿಗೆ ಓರೆ ಹಿಡಿದು
ಉಗುರಿನ ತುದಿಯಲ್ಲಿ ಎಳೆ ಎಣಿಸುತ್ತಿದ್ದಳು.
'ನನ್ನದಕ್ಕಿಂತ ಒತ್ತಾಗೈತೆ,' ಎಂದಳು, ಕೊಂಚ ಕಹಿಯಾಗಿ.
ಮತ್ತೆ ಎಣಿಸಿದಳು.
ಆಮೇಲೆ ಹಲ್ಲೆಲ್ಲ ಕಾಣುವಂತೆ ನಕ್ಕು
'ಇಲ್ಲಿ ನೋಡೇ, ತಪ್ಪಿದಾಳೆ!
ಎರಡು ಎಳೆ ಒಟ್ಟಿಗೆ ಹಾರಿದಾಳೆ.
ಮಗು ಎದ್ದಿರಬೇಕು.'

ಹೊಂಗೆಯ ಕೆಳಗೆ ನನ್ನ ಮಗಳು ಅಳುತ್ತ ಎದ್ದು ಕೂತಳು,
ಒಂದು ಕೆನ್ನೆಯ ತುಂಬ
ತಿಪ್ಪೀರಕ್ಕನ ಕಂಬಳಿಯ ಅಚ್ಚು.
ಜರಡಿಯನ್ನು ಹಾಗೇ ಇಟ್ಟು ಹೋದೆ.